ಹತ್ತರ ಘನಮೂಲ

ಬುಧವಾರ ಸಂಜೆ ಆರೂವರೆ. ಕಾಲ್ಗೂರ್ಲಿಯ ಗ್ರಂಥಾಲಯದ ಹಿಂದಿನ ಕೋಣೆ.
ಹೊರಗೆ ನಲವತ್ತೊಂದು ಡಿಗ್ರಿ.
ಕೆಂಪು ಧೂಳು ಕಿಟಕಿಯ ಗಾಜಿಗೆ ಹಣೆ ಒತ್ತಿ ನಿಂತಿದೆ
ಫೀಸು ಕಟ್ಟದ ಹುಡುಗನ ಹಾಗೆ.

ಮೇವಿಸ್ ಟ್ರೆಲೋರ್, ಎಪ್ಪತ್ತಮೂರು,
ಬಂದವಳೇ ಮೇಜಿನ ಮೇಲೆ ಅಳತೆಯ ಟೇಪು ಇಡುತ್ತಾಳೆ.
"ಪರೀಕ್ಷೆ ಗಿರೀಕ್ಷೆ ನನಗೆ ಬೇಡ.
ಹತ್ತು ಸಾವಿರ ಲೀಟರು ಮಳೆನೀರು ಹಿಡಿಯುವ ತೊಟ್ಟಿ,
ಉದ್ದ ಅಗಲ ಎತ್ತರ ಮೂರೂ ಒಂದೇ.
ಷೆಡ್ಡಿಗೂ ಗೋಡೆಗೂ ನಡುವೆ ಇರುವುದು
ಎರಡು ಮೀಟರು ಹದಿನೈದು ಸೆಂಟಿಮೀಟರು.
ಕೂರುತ್ತದೋ ಇಲ್ಲವೋ, ಅಷ್ಟು ಹೇಳು."

ವರ್ಷಕ್ಕೆ ಹತ್ತು ಇಂಚು ಬಿದ್ದರೆ ಹಬ್ಬ ಈ ಊರಿಗೆ.
ಕುಡಿಯುವ ನೀರು ಐನೂರು ಚಿಲ್ಲರೆ ಕಿಲೋಮೀಟರು
ಕೊಳವೆಯೊಳಗೆ ತೆವಳಿಕೊಂಡು ಬರುತ್ತದೆ.
ನದಿಮೂಲ ಋಷಿಮೂಲ ಕೆದಕಬಾರದು ಅಂತ ನಮ್ಮಲ್ಲಿ ಗಾದೆ;
ಇಲ್ಲಿ ನದಿಯೂ ಇಲ್ಲ, ಋಷಿಯೂ ಇಲ್ಲ. ಕೆದಕಿದೆವು.

ಯಾವ ಸಂಖ್ಯೆಯನ್ನು ಮೂರು ಸಲ ಇಟ್ಟು ಗುಣಿಸಿದರೆ ಹತ್ತು?
ಎರಡಿಟ್ಟರೆ ಎಂಟು, ಸಾಲದು.
ಮೂರಿಟ್ಟರೆ ಇಪ್ಪತ್ತೇಳು, ತೊಟ್ಟಿ ಬೀದಿಗೆ ಬಂತು.
"ಎರಡರ ಹತ್ತಿರ ಎಲ್ಲೋ," ಅಂದಳು.
ಸರಿ, ತಪ್ಪಿನಿಂದಲೇ ಶುರು ಮಾಡೋಣ.

ಹತ್ತನ್ನು ಎರಡರಿಂದ ಭಾಗಿಸು. ಬಂದದ್ದನ್ನು ಮತ್ತೆ ಎರಡರಿಂದ.
ಎರಡೂವರೆ.
ನೋಡು: ಎರಡು, ಎರಡು, ಎರಡೂವರೆ.
ಈ ಡಬ್ಬಿಯೂ ಹತ್ತನ್ನೇ ಹಿಡಿಯುತ್ತದೆ,
ಬಿಸಿಲಿಗೆ ಕುತ್ತಿಗೆ ನೀಡಿದ ಒಂಟೆಯ ಹಾಗೆ, ಅಷ್ಟೇ.
ಇನ್ನು ಪಂಚಾಯಿತಿ. ಮೂರು ಬದಿಯನ್ನೂ ಕೂಡಿಸು, ಮೂರಕ್ಕೆ ಹಂಚು.

"ತಪ್ಪು ಊಹೆಗೆ ಎರಡು ಓಟು, ಹೊಸದಕ್ಕೆ ಒಂದೇ?"
ಎರಡು ದಿಕ್ಕಿನಲ್ಲಿ ಇನ್ನೂ ನಿಂತಿರುವುದು ಅದೇ ತಾನೆ, ಮೇವಿಸ್.
ಎತ್ತರವೊಂದೇ ಹೊಸತು.
ಅವಳು ಪೆನ್ಸಿಲ್ಲು ಕಚ್ಚಿದಳು. ಕಾಗದದ ಮೇಲೆ
ಎರಡು ಪಾಯಿಂಟು ಒಂದು ಆರು ಏಳು.

ಮೂಲ ಅಂದರೆ ನನಗೆ ಮೊದಲು ನೆನಪಾಗುವುದು ನಕ್ಷತ್ರ.
ಮೂಲಾದಲ್ಲಿ ಹುಟ್ಟಿದವಳು ಮಾವನಿಗೆ ಆಗಿಬರುವುದಿಲ್ಲವಂತೆ.
ಹನ್ನೊಂದು ಸಲ ನನ್ನ ಜಾತಕ ಅಂಚೆಯಲ್ಲಿ ವಾಪಸು ಬಂತು,
ಮೂಲೆಯ ಅರಿಶಿನ ಸಮೇತ.
ಹಿಂಬದಿ ಖಾಲಿ ಇತ್ತು.
ಅಲ್ಲಿ ಲೆಕ್ಕ ಮಾಡಿದೆ.

"ಋಣಸಂಖ್ಯೆಗೂ ಮೂಲ ಉಂಟೋ?"
ವರ್ಗಮೂಲ ಕೇಳಿದರೆ ಈ ಅಳತೆಪಟ್ಟಿಯ ಮೇಲೆಲ್ಲೂ ಇಲ್ಲ,
ಜೋಡಿ ಕೂತರೆ ಎರಡು ಋಣ ಒಂದನ್ನೊಂದು ತೀರಿಸಿಬಿಡುತ್ತವೆ.
ಘನಮೂಲ ಕೇಳು, ಉಂಟು:
ಋಣ ಎಂಟರದ್ದು ಋಣ ಎರಡು.
ಸಾಲದ ಬುಡ ಅಗೆದರೆ ಸಾಲವೇ.

ಮೇವಿಸ್ ಟೇಪನ್ನು ಉದ್ದಕ್ಕೆಳೆದು ಬಿಟ್ಟಳು,
ಚಟಕ್ಕೆಂದು ಒಳಗೆ ಹೋಯಿತು.
"ಲೆನ್ ಕುದುರೆಗಳ ಮೇಲೆ ಕಟ್ಟುತ್ತಿದ್ದ.
ಅವನು ಹೋದಮೇಲೆ ಅಗೆಯುತ್ತಾ ಹೋದೆ."
ಋಣಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವಿದೆ.
ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ
ಎರಡನೆಯ ಸುತ್ತು ಹಾಕಿಸಿದೆ.

ಎರಡು ಪಾಯಿಂಟು ಒಂದು ಐದು ನಾಲ್ಕು ಐದು.
ನಿನ್ನ ಜಾಗಕ್ಕಿಂತ ನಾಲ್ಕೂವರೆ ಮಿಲಿಮೀಟರು ಹೆಚ್ಚು.
ಇನ್ನೂ ಸುತ್ತಬಹುದು. ಸುತ್ತಿದಷ್ಟೂ ಅಂಕಿಗಳು,
ಒಂದು ವರಸೆಯಿಲ್ಲ, ಮುಗಿಯುವ ಮಾತಿಲ್ಲ,
ಬಾವಿಗೆ ಬಿಟ್ಟ ಹಗ್ಗಕ್ಕೆ ಕೊಡವೇ ತಾಗದಂತೆ...

"ಆ ಬಾಲ ನೀನೇ ಇಟ್ಟುಕೋ," ಕನ್ನಡಕ ಮಡಚಿದಳು.
"ನನ್ನ ಗೋಡೆ ಗಾರೆಯದು. ಕೆರೆಯುತ್ತೇನೆ."

ಮುಂದಿನ ಬುಧವಾರ ಉಗುರಿನ ಸಂದಿಯಲ್ಲಿ ಬಿಳಿ ಪುಡಿ.
ಟೇಪು ತಂದಿರಲಿಲ್ಲ.
"ಐದನೆಯ ಮೂಲವಾದರೆ ಹಳೆಯದಕ್ಕೆ ನಾಲ್ಕು ಓಟು, ಅಲ್ಲವೇ?
ರಾತ್ರಿ ಮಲಗಿದಾಗ ಹೊಳೆಯಿತು."
ಹೌದು. ಆದರೆ ಐದು ದಿಕ್ಕಿನ ತೊಟ್ಟಿಯನ್ನು ಎಲ್ಲಿಡುತ್ತೀ, ಮೇವಿಸ್?

"ಇಡುವುದಕ್ಕಲ್ಲ," ಅಂದಳು, ಪೆನ್ಸಿಲ್ಲು ಕೆತ್ತುತ್ತಾ.