ಎರಡನೆಯ ದರ್ಜೆ

ಬ್ರಯೋನಿ ಕೇಳುತ್ತಾಳೆ, ಪೆನ್ನಿನ ಮೊನೆ ಕಾಗದದ ಮೇಲಿಟ್ಟು:
ಸೊನ್ನೆಯಿಂದ ಐದರೊಳಗೆ ಹೇಳಿ,
ಏರು ಹತ್ತುವಾಗ ಎಷ್ಟು ಉಸಿರು ಕಟ್ಟುತ್ತದೆ?
ಯಾವ ಏರು ಅಂತ ಕೇಳಬೇಕು ನಾನು.
ಸ್ಟೋಕ್‌ನಲ್ಲಿ ಏರಿಗೇನು ಬರವೇ?
ಅಂಚೆ ಕಚೇರಿಯದೋ, ಚರ್ಚಿನ ಹಿಂದಿನದೋ,
ಮನೆಯೊಳಗಿನ ಹದಿಮೂರು ಮೆಟ್ಟಿಲಿನದೋ?
ಕೇಳಲಿಕ್ಕೂ ಉಸಿರು ಬೇಕು.
ಮೂರು, ಅಂದೆ.

ಅಂಬುಜಾಕ್ಷಿ ಎಂಬ ಹೆಸರನ್ನು
ಅವಳು ಎರಡು ಕಂತಿನಲ್ಲಿ ಹೇಳುತ್ತಾಳೆ, ನಾಲಿಗೆ ತಿರುಗದೆ.
ನಾನೂ ಈಗ ಎರಡು ಕಂತಿನಲ್ಲೇ.
ಅಷ್ಟರ ಮಟ್ಟಿಗೆ ನಾವಿಬ್ಬರೂ ಒಂದೇ ಊರಿನವರು.

ಇಪ್ಪತ್ತಾರು ವರ್ಷ ಲಾಂಗ್ಟನ್ನಿನ ಪಿಂಗಾಣಿ ಕಾರ್ಖಾನೆ.
ಮೊದಲ ಹನ್ನೊಂದು, ಒಣಗಿದ ತಟ್ಟೆಯ ಅಂಚು ಉಜ್ಜುವ ಕೆಲಸ:
ಬಿಳಿ ಹುಡಿ ಹುಬ್ಬಿನ ಮೇಲೆ, ಜಡೆಯೊಳಗೆ,
ಊಟದ ಡಬ್ಬಿಯ ಮುಚ್ಚಳದ ಮೇಲೆ.
ಬಾಗಿಲು ತೆರೆದು ಗಂಡ ನಗುತ್ತಿದ್ದ,
ಬಂದಳಪ್ಪ ಹಿಟ್ಟಿನ ಗಿರಣಿಯವಳು.

ಆಮೇಲೆ ಆಯ್ಕೆಯ ಕೋಣೆ.
ಸುಟ್ಟು ಬಂದ ತಟ್ಟೆಯನ್ನು ಬೆರಳ ಗೆಣ್ಣಿನಿಂದ ತಟ್ಟಬೇಕು,
ಕಿವಿಗೊಡಬೇಕು.
ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅವ್ವ ಕಲಿಸಿದ ವಿದ್ಯೆಯೇ,
ಸಂಬಳ ಮಾತ್ರ ಪೌಂಡಿನಲ್ಲಿ.
ಠಣ್ ಎಂದರೆ ಮೊದಲ ದರ್ಜೆ; ಪೆಟ್ಟಿಗೆಗೆ, ಹಡಗಿಗೆ.
ದಬ್ ಎಂದರೆ ಒಡಲಲ್ಲೆಲ್ಲೋ ಕಾಣದ ಬಿರುಕು.
ನಡುವೆ ಇನ್ನೊಂದು ರಾಶಿ: ಹೂವಿನ ಬಣ್ಣ ಹರಿದದ್ದು,
ಅಂಚಿನಲ್ಲಿ ಸಾಸಿವೆಯಷ್ಟು ಚುಕ್ಕೆ ಕೂತದ್ದು,
ಎರಡನೆಯ ದರ್ಜೆ.
ಶುಕ್ರವಾರ ಗೇಟಿನ ಬಳಿ ಅರ್ಧ ಬೆಲೆಗೆ ನಮಗೇ ಮಾರುತ್ತಿದ್ದರು.
ಆ ಬಟ್ಟಲಲ್ಲೇ ಇಂದಿಗೂ ಕಾಫಿ.

ಹೋದ ವರ್ಷ ದೊಡ್ಡಾಸ್ಪತ್ರೆಯ ಡಾಕ್ಟರು
ನನ್ನ ಬೆನ್ನ ಮೇಲೆ ಬೆರಳಿಟ್ಟು ಬೆರಳಿಂದ ತಟ್ಟಿದರು.
ಮೇಲೆ. ಕೆಳಗೆ. ಎಡಕ್ಕೆ.
ಅವರು ಬಾಯಿ ತೆರೆಯುವ ಮೊದಲೇ
ನನಗೂ ಕೇಳಿಸಿತ್ತು.

ಕನ್ನಡದಲ್ಲಿ ಉಸಿರೆಂದರೆ ಎಷ್ಟು ಧಾರಾಳ!
ಗುಟ್ಟಿದ್ದರೆ ಉಸಿರು ಬಿಡಬಾರದು,
ಓಡುವುದಾದರೆ ಒಂದೇ ಉಸಿರಿಗೆ,
ಬೇಸರಕ್ಕೆ ನಿಟ್ಟುಸಿರು.
ನಿಟ್ಟುಸಿರು ಈಗ ನನಗೆ ಎಟುಕದ ಸರಕು.
ದುಃಖ ಬಂದ ದಿನವೂ
ಗಿಡ್ಡ ಉಸಿರನ್ನೇ ಚಿಲ್ಲರೆಯಂತೆ ಎಣಿಸಿ ಖರ್ಚುಮಾಡುತ್ತೇನೆ.

ಗುರುವಾರ ಚರ್ಚಿನ ಹಾಲ್‌ನಲ್ಲಿ ವ್ಯಾಯಾಮ.
ತುಟಿ ಚೂಪು ಮಾಡಿ ಮೆಲ್ಲಗೆ ಊದಿ, ಅನ್ನುತ್ತಾಳೆ ಬ್ರಯೋನಿ,
ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು
ಕಣ್ಣು ಕೆಂಪಗಾಗಿ ಬೆಳೆದವಳಿಗೆ.
ಭಟ್ಟಿ ಕಾಯುತ್ತಿದ್ದ ಡೆರಿಕ್ ಬ್ಲೋರ್
ಎರಡು ಸುತ್ತಿಗೆ ನೋಟೀಸ್ ಬೋರ್ಡಿನೆದುರು ನಿಂತು
ಓದುವವನಂತೆ ನಟಿಸುತ್ತಾನೆ.
ಆ ಕಾಗದ ಮಾರ್ಚ್‌ನಿಂದ ಬದಲಾಗಿಲ್ಲ.
ನಾವೂ ಪಕ್ಕದಲ್ಲಿ ನಿಂತು ಓದುತ್ತೇವೆ,
ಕಳೆದುಹೋದ ಛತ್ರಿ, ನೀಲಿ, ಮರದ ಹಿಡಿ.

ಬಸ್ಸು ಓಡಿಸುತ್ತಿದ್ದ ಷೌಕತ್ ಜೋಕು ಹೇಳುವುದೂ ಕಂತಿನಲ್ಲೇ.
ಒಂದು ಗುರುವಾರ, ಕುದುರೆ ಪಬ್ಬಿನೊಳಗೆ ಬಂದಲ್ಲಿಗೆ
ಉಸಿರು ಮುಗಿಯಿತು. ಉಳಿದದ್ದು ಮುಂದಿನ ವಾರ, ಎಂದು ಕೈ ಬೀಸಿದ.
ಮುಂದಿನ ವಾರ ಕುರ್ಚಿ ಖಾಲಿ.
ಅದರ ಮುಂದಿನದೂ.
ನಾಲ್ಕನೆಯ ಗುರುವಾರ ಮೂಗಿಗೆ ನಳಿಗೆ, ಪಕ್ಕದಲ್ಲಿ ಸಿಲಿಂಡರು,
ಬಂದ, ಕೂತ, ಕುದುರೆಯನ್ನು ಎಲ್ಲಿ ಬಿಟ್ಟಿದ್ದೆ ಅಂದ.
ಜೋಕು ಪೂರಾ ಸಪ್ಪೆ.
ನಾವು ನಕ್ಕೆವು, ಕೆಮ್ಮಿದೆವು, ಕೆಮ್ಮುತ್ತ ನಕ್ಕೆವು;
ಡೆರಿಕ್ ಬೋರ್ಡಿಗೆ ಹಣೆಯಿಟ್ಟು ನಕ್ಕ.
ಬ್ರಯೋನಿ ಬೆರಳಿಗೆ ಸಿಕ್ಕಿಸುವ ಯಂತ್ರ ಹಿಡಿದು
ಒಬ್ಬರಿಂದ ಒಬ್ಬರಿಗೆ ಓಡಿದಳು.

ಈಗ ಕೊನೆಯ ಪ್ರಶ್ನೆ.
ಒಟ್ಟಾರೆ ನಿಮ್ಮ ಬದುಕಿನ ಗುಣಮಟ್ಟ?
ಗುಣಮಟ್ಟ ನೋಡಿಯೇ ಹದಿನೈದು ವರ್ಷ ಸಂಬಳ ಎಣಿಸಿದವಳು ನಾನು,
ಅಲ್ಲಿ ಅಂಕಿ ಬರೆದದ್ದಿಲ್ಲ.
ಏನಾದರೂ ಹಾಕಿಕೋ ಮಗಳೇ, ನಾಲ್ಕೂ ಇಪ್ಪತ್ತರ ಬಸ್ಸಿದೆ.
ನಡುವೆ ಮೂರು ಕಡೆ ನಿಲ್ಲಬೇಕು:
ಗೇಟಿಗೊರಗಿದ ಗುಲಾಬಿ ಬಳ್ಳಿಯ ಹತ್ತಿರ,
ಬೀಗ ಬಿದ್ದ ಬ್ಯಾಂಕಿನ ಕಟ್ಟೆಯಲ್ಲಿ,
ಆಮೇಲೆ ಮೀನಂಗಡಿಯ ಕಿಟಕಿ.
ಅಲ್ಲೊಂದು ಕಂದು ಬೆಕ್ಕು.
ಕಾಲು ಗಟ್ಟಿಯಿದ್ದ ಇಪ್ಪತ್ತಾರು ವರ್ಷ ಆ ಬೀದಿಯಲ್ಲಿ ಓಡಾಡಿದೆ,
ಒಂದು ದಿನವೂ ಕಂಡಿರಲಿಲ್ಲ
ಅಲ್ಲೊಂದು ಕಿಟಕಿ ಇರುವುದೂ.