ಬೆನ್ನ ಕಡೆಯ ಅಕ್ಷರ

ಬಡಗಿ ಯೋಹೆಯಿ ಯೊಕೊಹಾಮಾಕ್ಕೆ ಹೋದದ್ದು ನಡೆದೇ,
ಏಳು ಜೊತೆ ಹುಲ್ಲುಚಪ್ಪಲಿ ಸವೆಸಿ.
ಪರದೇಶಿಯರ ಶಾಲೆ ಹೇಗಿರುತ್ತದೋ ನೋಡಿಕೊಂಡು ಬಾ
ಎಂದು ಕಳಿಸಿದ್ದರು ಊರ ಹಿರಿಯರು.
ಒಳಗೆ ಬಿಡಲಿಲ್ಲ ಯಾರೂ.
ಕಾಲುವೆಯ ಈಚೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು
ಕಂಡಷ್ಟು ಗೀಚಿಕೊಂಡು ಬಂದ.

ಹಾಗಾಗಿ ನಮ್ಮ ಶಾಲೆಗೆ ಮುಖ ಮಾತ್ರ ಪರದೇಶದ್ದು.
ಗಾರೆಯ ಮೇಲೆ ಕಲ್ಲಿನ ಗೆರೆ, ಮರದ ಕಂಬಕ್ಕೆ ನೀಲಿ ಬಣ್ಣ,
ನೆತ್ತಿಗೊಂದು ಎಂಟು ಮೂಲೆಯ ಗೋಪುರ.
ಹಿಂದಕ್ಕೆ ಹೋಗಿ ನೋಡಿದರೆ ಅದೇ ಭತ್ತದ ಉಗ್ರಾಣ.
ಅವನ ಕೈಗೆ ಗೊತ್ತಿದ್ದದ್ದು ಅದು.
ಗಡಿಯಾರಕ್ಕೆ ದುಡ್ಡು ಸಾಲದೆ ಬರೆದೇಬಿಟ್ಟ:
ಎಂಟೂವರೆ.
ಮಳೆ ಹೊಯ್ಯಲಿ, ಹಿಮ ಬೀಳಲಿ, ಎಂಟೂವರೆ.
ತಡವಾಗಿ ಬಂದೆಯೆಂದು ಯಾರನ್ನೂ ಬೈಯುವಂತಿರಲಿಲ್ಲ.

"ಜಿಲ್ಲೆ ಜಿಲ್ಲೆಗೆ ಶಾಲೆಯ ಲೆಕ್ಕ ಫ್ರಾನ್ಸಿನದಂತೆ,
ಗೋಡೆಯ ಪಟ ಅಮೆರಿಕದ್ದಂತೆ,
ದುಡ್ಡು ಮಾತ್ರ ನಮ್ಮದಂತೆ"
ಎಂದ ತೋಫು ಮಾರುವ ಗೆನ್ಜಾ.
ತಿಂಗಳಿಗೆ ಐವತ್ತು ಸೆನ್.
ನನ್ನ ವರ್ಷದ ಸಂಬಳ ಒಂದು ಬಟ್ಟೆ, ಒಂದು ಜೊತೆ ಮರದ ಚಪ್ಪಲಿ.

ನನಗಾಗ ಒಂಬತ್ತು. ಹೆಸರು ಕಿನು.
ಬೆನ್ನಿಗೆ ಕಟ್ಟಿದ ತೊಮೆಕಿಚಿ, ಒಡೆಯರ ಕೊನೆಯ ಕೂಸು,
ಅತ್ತರೆ ಕುಣಿಸಬೇಕು, ಮಲಗಿದರೂ ನಿಲ್ಲುವಂತಿಲ್ಲ.
ಕುಣಿಸುತ್ತ ಕುಣಿಸುತ್ತ ಕಿಟಕಿಗೆ ಬರುತ್ತಿದ್ದೆ.
ಗಾಜು ಆಗ ಹೊಸದು;
ಮೊದಲ ದಿನವೇ ಮೂವರ ಹಣೆ ಬಾತಿತ್ತು.
ಒಳಗೆ ಮಕ್ಕಳು ಕುರ್ಚಿಯ ಮೇಲೆ ಮಂಡಿಯೂರಿ ಕೂತರೆ
ಮೇಷ್ಟ್ರು ಸೆಕಿಗುಚಿ ಒಬ್ಬೊಬ್ಬರ ಕಾಲನ್ನೂ ಬಿಡಿಸಿ ಇಳಿಬಿಡುತ್ತಿದ್ದರು.
ಸಾಮುರಾಯಿ ಮನೆತನ. ಕೋಪ ಬಂದಾಗ ಕೈ ಸೊಂಟಕ್ಕೆ ಹೋಗಿ
ಏನೂ ಸಿಗದೆ ಹಿಂತಿರುಗುತ್ತಿತ್ತು.

ಇದು ಏನು? ಬೂಟು!
ಎಲ್ಲಿ ಹಾಕುತ್ತಾರೆ? ಕಾಲಿಗೆ!
ಏನು ಉಪಯೋಗ? ನಡೆಯಲು!
ಬೂಟು ಕಾಣದ ಎಂಬತ್ತು ಬರಿಗಾಲು
ನೆಲಕ್ಕೆ ಮುಟ್ಟದೆ ತೂಗಾಡುತ್ತಿದ್ದವು.

ಪಟ ತೂಗುಹಾಕಿದ್ದದ್ದು ನನ್ನ ಕಿಟಕಿಗೇ.
ತೆಳು ಕಾಗದ, ಒಳಗೊಲೆಯ ಬೆಳಕು,
ಅಕ್ಷರಗಳು ನನ್ನ ಕಡೆಗೆ ಬೆನ್ನು ತೂರಿ ಬರುತ್ತಿದ್ದವು.
ಬಂದ ಹಾಗೇ ಕಲಿತೆ.

ಆ ಶರತ್ಕಾಲ ಪಂಜು ಹಿಡಿದು ಬಂದರು,
ಪಕ್ಕದ ಕಣಿವೆಯ ಎರಡು ಶಾಲೆ ಸುಟ್ಟವರು.
ಯೋಹೆಯಿ ಮೆಟ್ಟಿಲ ಮೇಲೆ ಕೂತು ಬೀಡಿಯಳತೆಯ ಚಿಲುಮೆ ತುಂಬುತ್ತಿದ್ದ.
"ಮುಂದಿನದು ಸುಡಿ, ಹಿಂದಿನದು ಬಿಡಿ,
ಅದು ನಿಮ್ಮ ಉಗ್ರಾಣವೇ" ಎಂದ.
ಎಲ್ಲಿ ಮುಂದು ಮುಗಿದು ಎಲ್ಲಿ ಹಿಂದು ಶುರುವೋ
ಅವರಿಗೂ ತಿಳಿಯಲಿಲ್ಲ.
ಒಂದು ನೀಲಿ ಕಂಬ ಕಪ್ಪಾಯಿತು. ಅಷ್ಟೆ.

ಮೊದಲ ಹಿಮದ ದಿನ ಕಡ್ಡಿಯಲ್ಲಿ ಬರೆಯುತ್ತಿದ್ದೆ.
ನೆರಳು ಬಿತ್ತು. ಸೆಕಿಗುಚಿ.
ತಿರುಗಾಮುರುಗಾ ಅಕ್ಷರ ನೋಡಿದರು, ನಗಲಿಲ್ಲ.
ಬಂದು ನನ್ನ ಜಾಗದಲ್ಲಿ ನಿಂತು, ನನ್ನೆತ್ತರಕ್ಕೆ ಬಗ್ಗಿ,
ಕಿಟಕಿಯೊಳಗೆ ಇಣುಕಿದರು.
"ಇಲ್ಲಿಂದ ಹೀಗೆ ಕಾಣುತ್ತದೋ."
ಮಾರನೆಯ ದಿನ ಪಟ ಎದುರಿನ ಗೋಡೆಯಲ್ಲಿತ್ತು.
ಮಕ್ಕಳೆಲ್ಲ ಕುರ್ಚಿ ತಿರುಗಿಸಿ ಕೂತಿದ್ದರು.

ಕಲಿತದ್ದು ಅಳಿಯದು. ಅವಸರದಲ್ಲಿ ಬರೆದರೆ
ಈಗಲೂ ಒಂದಕ್ಷರ ಬೆನ್ನು ತೋರಿಸಿ ನಿಲ್ಲುತ್ತದೆ.

ತೊಮೆಕಿಚಿ ಆಡಿದ ಮೊದಲ ಮಾತು ಅಮ್ಮ ಅಲ್ಲ, ಬೂಟು.
ಮನೆಮಂದಿ ಬಿದ್ದು ಬಿದ್ದು ನಕ್ಕಿದ್ದರು.
ಇಪ್ಪತ್ತೊಂದಕ್ಕೆ ಬೂಟೂ ಸಿಕ್ಕಿತು, ಸೈನ್ಯದ್ದು,
ಕೊರಿಯಾದ ಹಡಗಿಗೆ.
ಶಾಲೆಯಂಗಳದಲ್ಲಿ ಸಾಲುಗಟ್ಟಿ ನಿಂತಿದ್ದರು ಹುಡುಗರು.
ತಮಾಷೆಗೆಂದು ಕೇಳಿದೆ: ಏನು ಉಪಯೋಗ?
ಅವನು ತನ್ನ ಪಾದ ನೋಡಿಕೊಂಡ,
ಹಿಮ್ಮಡಿ ಆಗಲೇ ಕಿತ್ತಿತ್ತು.

ಮೇಲೆ ಎಂಟೂವರೆ.