ಏಳದ ಹೊಗೆಯ ಲೆಕ್ಕ

ಇಪ್ಪತ್ತಾರು ವರ್ಷ ಬಂದದ್ದು ಬರೆದೆ, ಹೋದದ್ದು ಬರೆದೆ:
ಪಿಗ್ ಐರನ್ ಇಷ್ಟು ಟನ್, ಕೋಕ್ ಇಷ್ಟು,
ಮರಳು, ಬೆಂಟೋನೈಟ್, ಶನಿವಾರದ ಪಗಾರ,
ಚಹಾದವನ ಬಾಕಿ.
ಉದ್ಯಮಬಾಗದ ಈ ಫೌಂಡ್ರಿಯ ಖಾತೆಯಲ್ಲಿ
ಆಗದೇ ಇದ್ದುದಕ್ಕೆ ಕಾಲಮ್ಮು ಇರಲಿಲ್ಲ.

ಈಗ ಇದೆ.
ಐದು ದೇಶದವರು ನಾನು ನೋಡದ ಊರಲ್ಲಿ ಕೂತು
ಸಹಿ ಹಾಕಿ ಒಂದು ಗಂಟು ಕಟ್ಟಿದರಂತೆ.
ಅದರ ಒಂದು ಚೂರು ಮುಂಬೈ ದಾಟಿ, ಬೆಂಗಳೂರು ದಾಟಿ,
ನಮ್ಮ ಸೊಸಾಯಿಟಿಯ ಕಿಟಕಿಗೆ ಬಂದು
ಕೋಕಿನ ಭಟ್ಟಿ ಆರಿಸಿ ಕರೆಂಟಿನ ಭಟ್ಟಿ ಇಟ್ಟಿತು.
ಹಸಿರು ಸಾಲ ಎಂದು ಹೆಸರು. ಬಡ್ಡಿ ಕಾಲು ಪರ್ಸೆಂಟ್ ಕಡಿಮೆ.
ಷರತ್ತು ಒಂದೇ, ವರ್ಷಕ್ಕೊಮ್ಮೆ ಬರೆದು ಕಳಿಸಬೇಕು
ಏಳದ ಹೊಗೆ ಎಷ್ಟು ಟನ್.

ಎದ್ದ ಹೊಗೆಯನ್ನೇ ತಕ್ಕಡಿಗೆ ಹಾಕಿದವರನ್ನು ಕಂಡಿಲ್ಲ,
ಏಳದ್ದನ್ನು ಯಾವ ತಕ್ಕಡಿಗೆ ಹಾಕಲಿ?

ನೋಡಿಹೋಗಲು ಹಾಲೆಂಡಿನಿಂದ ಬಂದವಳ ಹೆಸರು ಮರೈಕೆ,
ನಮ್ಮವರ ಬಾಯಲ್ಲಿ ಮಾರಕ್ಕ.
ಎತ್ತರದ ಹೆಂಗಸು. ನಮ್ಮ ಹೆಲ್ಮೆಟ್ ಸಣ್ಣದಾಗಿ
ಹಣೆಯ ಮೇಲೆ ಕೆಂಪು ಗೆರೆ.
ಕೇಳಿದಳು: ಈ ಕರೆಂಟು ಎಲ್ಲಿಯದು,
ಸವದತ್ತಿ ಗುಡ್ಡದ ಗಾಳಿಯದೋ, ಕೂಡಗಿಯ ಕಲ್ಲಿದ್ದಲಿನದೋ?
ತಂತಿಯೊಳಗೆ ಹೊಕ್ಕಮೇಲೆ ಅದಕ್ಕೇನು ಕುಲಗೋತ್ರ,
ಎಲ್ಲ ಒಂದೇ ಗುಂಯ್.
ಗೊತ್ತಿಲ್ಲ ಅಂದೆ.
ಅವಳೂ ಗೊತ್ತಿಲ್ಲ ಅಂತಲೇ ಬರೆದುಕೊಂಡಳು.
ಅಷ್ಟಕ್ಕೇ ಮನಸ್ಸಿಗೆ ಬಂದಳು.

ಹಳೇ ಭಟ್ಟಿಯ ಬುಡದಲ್ಲಿ ಮೌಲಾಸಾಬ ಕಿತ್ತೂರ,
ಕೊರಳಲ್ಲಿ ಇನ್ನೂ ಆ ನೀಲಿ ಗಾಜು.
ಅದರೊಳಗಿಂದ ಬೆಂಕಿಯ ಬಣ್ಣ ಓದುತ್ತಿದ್ದವನು:
ಕಿತ್ತಳಿ ಇದ್ರ ಇನ್ನೂ ಹಸಿ,
ಜ್ವಾಳದ ಹಿಟ್ಟಿನ ಬಿಳುಪಿಗೆ ಬಂತಂದ್ರ ಬಾಯಿ ತಗೀರಿ.
ಈಗ ಗೋಡೆಯ ಮೇಲೆ ಕೆಂಪಂಕಿ, ಸಾವಿರದ ನಾನೂರಾ ಐವತ್ತು.
ಅಂಕಿಗೆ ಕಣ್ಣು ಬೇಕಿಲ್ಲ.
ಹನ್ನೊಂದು ಮಂದಿಯ ಬೆಂಕಿಗೆ ನಾಲ್ವರು ಸಾಕು.
ಮೌಲಾಸಾಬ ಗೇಟಿಗೆ, ಒಬ್ಬ ಪೇಂಟಿಗೆ, ಇಬ್ಬರು ಕೊಲ್ಲಾಪುರಕ್ಕೆ.
ಇನ್ನು ಮೂವರ ಫೋನು ಹತ್ತುವುದಿಲ್ಲ.

"ಬಾಯಾರ, ಆಕೀನ್ನ ಕೇಳ್ರಿ," ಅಂದ,
"ಆಕೀ ಊರಾಗ ಭಟ್ಟಿ ಆರಿದಾಗ ಮಂದಿ ಏನ್ ಮಾಡಿದ್ರಂತ?"
ನನ್ನ ಮುರುಕು ಇಂಗ್ಲಿಷು ಕೇಳಿ ಅವಳು ಫೈಲು ಮುಚ್ಚಿದಳು.
ಅವಳಜ್ಜ ಕಲ್ಲಿದ್ದಲ ಗಣಿಯವನು.
ಗಣಿ ಮುಚ್ಚಿದ ಮೇಲೂ ನಸುಕಿನ ನಾಲ್ಕಕ್ಕೆ ಎದ್ದು
ಬುತ್ತಿ ಕಟ್ಟಿಸಿಕೊಂಡು ಹೋಗಿ
ಬಸ್‌ಸ್ಟಾಪಿನಲ್ಲಿ ಕೂತು ಬರುತ್ತಿದ್ದನಂತೆ.
ಎರಡು ವರ್ಷ.
ಇದನ್ನು ನಾನು ಕನ್ನಡಕ್ಕೆ ತಂದೆ. ಮೌಲಾಸಾಬ
ತುಟಿಯಲ್ಲೇ ಮತ್ತೊಮ್ಮೆ ತನ್ನ ಮಾತಿಗೆ ತಂದುಕೊಂಡ.
"ಬುತ್ತ್ಯಾಗ ಏನಿರ್ತಿತ್ತಂತ?"
ಅವರ ಕಡೆಯ ರೊಟ್ಟಿ. ಒಂದು ಉಳ್ಳಾಗಡ್ಡಿ.
ತಲೆಯಾಡಿಸಿದ, ಬಾಕಿ ತಾಳೆಯಾದವರ ಹಾಗೆ.

ಹೋಗುವಾಗ ಮಜಗಾವಿಯ ಮಾಳಿಗೆಯ ಮೇಲೆ ಶ್ಯಾವಿಗೆ,
ಮಂಚದ ತುಂಬ, ಬಿಳಿ, ಬರಿ ಬಿಸಿಲಿಗೆ.
ಮೊದಲು ಹಳೇ ಧೋತರ ಹೊದಿಸದೆ ಒಣಗಿಸುವಂತಿರಲಿಲ್ಲ,
ಮಸಿ ಉದುರಿ ಕೀರು ಕಪ್ಪಾಗುತ್ತಿತ್ತು ಎಂದೆ.
ಮಾರಕ್ಕ ಫೋಟೋ ಹೊಡೆದುಕೊಂಡಳು.
ಇದನ್ನು ಅಂಟಿಸಲು ಫಾರ್ಮಿನಲ್ಲಿ ಜಾಗವಿಲ್ಲ
ಎಂದು ತಾನೇ ನಕ್ಕಳು.

ಹೊಗೆಯ ಕಾಲಮ್ಮು ಅವರದೇ ಸೂತ್ರ ಹಿಡಿದು ತುಂಬಿದೆ,
ಟನ್ನು, ಅದರ ಹಿಂದೆ ದಶಾಂಶ.
ಕೆಳಗೆ, ಬಾಧಿತರಾದ ಜನ ಎನ್ನುವಲ್ಲಿ,
ಬೋರಗಾಂವೆ ಮಾಲಕರು ಪೆನ್ಸಿಲಿನಿಂದ ಸೊನ್ನೆ ಇಟ್ಟಿದ್ದರು.
ಉಜ್ಜಿದೆ.
ಸೊನ್ನೆ ಹೋದರೂ ಕಾಗದದ ಮೇಲೆ ಅದರ ಗುಂಡು ತಗ್ಗು.
ಅದರ ಮೇಲೆಯೇ ಬರೆದೆ, ಅಂಕಿಯಲ್ಲಲ್ಲ, ಅಕ್ಷರದಲ್ಲಿ:
ಏಳು.
ನಾಳೆ ಮಾಲಕರು ಏನೆನ್ನುವರೋ. ಕಾಲು ಪರ್ಸೆಂಟು
ಹೋದರೂ ಹೋದೀತು.

ಹೊರಗೆ ಗೇಟಿನಲ್ಲಿ ಮೌಲಾಸಾಬ
ನೀಲಿ ಗಾಜು ಕಣ್ಣಿಗೆ ಹಿಡಿದು
ಮಚ್ಛೆಯ ಕಡೆ ಇಳಿಯುತ್ತಿದ್ದ ಸೂರ್ಯನನ್ನು ನೋಡುತ್ತಿದ್ದ.
"ಇನ್ನೂ ಹಸಿ ಐತ್ರಿ ಬಾಯಾರ," ಅಂದ.